ಹಗಲು ದೀಪ ಬೇಡದ ಕಚೇರಿ

ಹುಣಸೂರಿನ ಹೊಸ ಕಚೇರಿಯ ಗಾಜಿನ ಗೋಡೆಗೆ ಜವಾನರೊಬ್ಬರು ಸ್ಟೂಲು ಹತ್ತಿ, ಮೈದಾ ಅಂಟಿನಲ್ಲಿ ಹಳೆಯ ಪತ್ರಿಕೆಗಳನ್ನು ಅಂಟಿಸುತ್ತಿದ್ದರು. ಒಳಗೆ ಮಧ್ಯಾಹ್ನ ಮೂರಕ್ಕೇ ಬಲ್ಬು ಉರಿಯುತ್ತಿತ್ತು. ಹಗಲು ದೀಪವೇ ಬೇಡವೆಂದು ಆ ಗೋಡೆಯ ನಕ್ಷೆ ಬರೆದು, ಮುಂದೆ ನಿಂತು ಗಾಜು ಕೂರಿಸಿದವನು ನಾನೇ. ಪಡುವಣ ಬಿಸಿಲೊಂದನ್ನು ಮರೆತಿದ್ದೆ.

“ಯಾವನೋ ಪುಣ್ಯಾತ್ಮ ಇಟ್ಟಿಗೆ ಬುಟ್ಟು ಗಾಜು ಕೂರಿಸವ್ನೆ ಕಣ್ರೀ, ಒಳಗೆ ಬೆಂದೋಯ್ತೀವಿ. ವಸಿ ಈ ತುದಿ ಇಡ್ಕಳಿ,” ಎಂದರು.

ನಾನು ಯಾರೆಂದು ಹೇಳುವ ಧೈರ್ಯವಾಗಲಿಲ್ಲ. ತುದಿ ಹಿಡಿದು, ಒಂದು ಸುಕ್ಕೂ ಬೀಳದಂತೆ ಅಂಟಿಸಿಕೊಟ್ಟೆ.

“ಕೆಲ್ಸ ಗೊತ್ತಿರೋರು ಕಣ್ರೀ ನೀವು,” ಎಂದು ಮೆಚ್ಚಿಕೊಂಡರು.

ಆ ಕಚೇರಿಗೆ ತರಿಸುವುದೂ ನಾನಿದನ್ನು ಬರೆದು ಕಳಿಸುತ್ತಿರುವ ಇದೇ ಪತ್ರಿಕೆ. ಈ ಬರಹ ಅಚ್ಚಾಗಿ, ಆ ಸಂಚಿಕೆ ಹಳತಾದರೆ, ಉದ್ಘಾಟನೆಯ ಕಲ್ಲಿನಲ್ಲಿ ನನ್ನ ಹೆಸರಿಗೆ ಸಿಗದ ಜಾಗ ಆ ಗಾಜಿನ ಮೇಲೆ ಸಿಗುತ್ತದೆ.