ಟೂ ಸ್ಟ್ರೋಕ್ ಶೆಡ್ಡಿನ ಕೊನೆಯ ಆಯುಧಪೂಜೆ

ನಮ್ಮ ಅಣ್ಣನಿಗೆ ಹೊಗೆ ಆಗುವುದಿಲ್ಲ. ಅಪ್ಪನ ಗಾಡಿ ರಿಪೇರಿ ಶೆಡ್ಡಿನ ಹೊಗೆಯಲ್ಲೇ ಹುಟ್ಟಿದ ಅನ್ನ ತಿಂದು ಮೈ ಬೆಳೆಸಿದವನು ಅವನು. ಸೈಟು ಕೊಡಿಸುವ ವ್ಯವಹಾರಕ್ಕಿಳಿದು ಬಿಳಿ ಷರಟು ಹಾಕಲು ಶುರು ಮಾಡಿದ ಮೇಲೆ, ಚಾಮರಾಜಪೇಟೆಯ ಆ ಶೆಡ್ಡಿಗೆ ಬಂದಾಗಲೆಲ್ಲ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದ. 'ಊರೆಲ್ಲ ಬ್ಯಾಟರಿ ಗಾಡಿ ಓಡಿಸ್ತಿದೆ, ನೀನಿನ್ನೂ ಪೆಟ್ರೋಲಿಗೆ ಆಯಿಲ್ ಕಲಸ್ಕೊಂಡು ಕೂತಿದೀಯ' ಎಂದು ನನಗೆ ಹೇಳುತ್ತಿದ್ದ. ಮಾತು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೇ ಹೆಚ್ಚು ಉರಿಯುತ್ತಿತ್ತು.

ಅಪ್ಪ ಹೋದ ಮೇಲೆ ಶೆಡ್ಡು ಅಮ್ಮನ ಹೆಸರಿಗೆ ಬಂತು. ಅಮ್ಮ ಇರುವುದು ಗವಿಪುರದಲ್ಲಿ, ನನ್ನ ಜೊತೆ. ನನ್ನ ಹೆಂಡತಿ ಮಾಡಿದ ಸಾರು ಉಂಡು, ಕೈತೊಳೆಯುವ ಮೊದಲೇ ಅಣ್ಣನ ಗುಣಗಾನ ಶುರುಮಾಡುತ್ತಾಳೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಬಸವನಗುಡಿಯ ಫ್ಲ್ಯಾಟಿನಿಂದ ತಿಂಗಳಿಗೊಮ್ಮೆ ಬಂದು ಹಣ್ಣು ಇಟ್ಟುಹೋಗುವ ಮಗ ಅವಳಿಗೆ ಶ್ರೀರಾಮಚಂದ್ರ. ದಿನಾ ಅವಳ ಮಾತ್ರೆ ತರುವ ನಾನು, ಉಗುರಲ್ಲಿ ಗ್ರೀಸು ಹೋಗದ ಕೊಳಕ.

ಶೆಡ್ಡನ್ನು ಜ್ಯೂಸ್ ಅಂಗಡಿಯವರಿಗೆ ಬಾಡಿಗೆಗೆ ಕೊಡಬೇಕೆಂಬುದು ಅಣ್ಣನ ಆಸೆ. ಅಮ್ಮನಿಗೂ ಅದು ಸರಿಯೆನಿಸಿತ್ತು. ಅಷ್ಟರಲ್ಲಿ ನನಗೊಂದು ಕೆಲಸ ಬಂತು. ಕನಕಪುರ ರಸ್ತೆಯ ಕಡೆ ಒಂದು ರೆಸಾರ್ಟಿನವರು, ವಾರದ ಕೊನೆಗೆ ಬರುವ ಜನರನ್ನು ಆಡಿಸಲು ನಾಲ್ಕು ದಪ್ಪ ಚಕ್ರದ ಕುಳ್ಳ ಗಾಡಿಗಳನ್ನು ಇಟ್ಟುಕೊಂಡಿದ್ದರು. ಎಟಿವಿ ಅನ್ನುತ್ತಾರಲ್ಲ, ಅವು. ಇಂಜಿನ್ನು ಪುಟ್ಟದು, ಟೂ ಸ್ಟ್ರೋಕು. ಸ್ವಲ್ಪ ಮೈಯಿರುವವರು ಕೂತರೆ ತೋಟದ ಹಿಂದಿನ ಮಣ್ಣಿನ ಏರನ್ನು ಹತ್ತದೆ ಅರ್ಧದಲ್ಲಿ ನಿಂತುಬಿಡುತ್ತಿದ್ದವು. ಮಾಲೀಕರು ಒಂದು ಗಾಡಿಯನ್ನು ನನ್ನ ಶೆಡ್ಡಿಗೆ ಕಳಿಸಿ, 'ಇದನ್ನ ಆ ಏರು ಹತ್ತಿಸಿ ತೋರಿಸಿ. ಹತ್ತಿದ್ರೆ ಅಷ್ಟೂ ಗಾಡಿ ಕೆಲಸ ನಿಮಗೇ, ಮುಂದೆ ರಿಪೇರಿನೂ ನಿಮ್ದೇ' ಎಂದರು.

ಸುದ್ದಿ ಕೇಳಿ ಅಣ್ಣ ಅಮ್ಮನ ಎದುರೇ ಷರತ್ತು ಹಾಕಿದ. 'ಆಯ್ತು, ವಿಜಯದಶಮಿ ದಿನ ಹತ್ತಿಸು. ಹತ್ತಿದ್ರೆ ಶೆಡ್ಡಿನ ಸುದ್ದಿಗೆ ನಾನ್ ಬರಲ್ಲ. ಹತ್ತಲಿಲ್ವಾ, ಅವತ್ತೇ ಕೀ ಕೊಟ್ಬಿಡು.' ಅಮ್ಮ ತಲೆಯಾಡಿಸಿದಳು. ನಾನೂ ಒಪ್ಪಿದೆ. ನನ್ನ ಕೈಮೇಲೆ ನನಗೆ ಅಷ್ಟು ನಂಬಿಕೆಯಿತ್ತು. ಈಗಲೂ ಇದೆ, ಅದೇ ತೊಂದರೆ.

ಟೂ ಸ್ಟ್ರೋಕ್ ಇಂಜಿನ್ನಿನ ಒಳಗೆ ಹೆಚ್ಚಿನ ಸಾಮಾನಿಲ್ಲ. ಬೋರು ಅನ್ನುವ ಕೊಳವೆಯ ಗೋಡೆಯಲ್ಲಿ ಕೊರೆದ ಕಿಟಕಿಗಳಿವೆ, ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತ ಅವನ್ನು ಮುಚ್ಚಿ ತೆರೆಯುತ್ತದೆ. ಶಕ್ತಿ ಬೇಕೆಂದರೆ ಆ ಕಿಟಕಿಗಳನ್ನು ಅರದಿಂದ ಉಜ್ಜಿ ಹಿಗ್ಗಿಸಬೇಕು. ಆಸೆಗೆ ಬಿದ್ದು ಹೊಗೆ ಹೋಗುವ ಕಿಟಕಿಯನ್ನು ಜಾಸ್ತಿ ಎತ್ತಿದರೆ ಗಾಡಿ ಬಯಲಲ್ಲಿ ಹಾರುತ್ತದೆ, ಏರಿನಲ್ಲಿ ಮಲಗುತ್ತದೆ. ಒಮ್ಮೆ ಉಜ್ಜಿದ ಲೋಹವನ್ನು ಯಾವ ಅಪ್ಪನೂ ಮತ್ತೆ ಅಂಟಿಸಲಾರ. ಹಾಗಾಗಿ ಅದನ್ನು ಕೂದಲೆಳೆಯಷ್ಟು ಮಾತ್ರ ಎತ್ತಿದೆ. ಪೆಟ್ರೋಲು ಒಳಬರುವ ದಾರಿಗಳನ್ನು ಗಾಜಿನಂತೆ ನುಣುಪು ಮಾಡಿದೆ. ಇಂಜಿನ್ನಿನ ತಲೆಯನ್ನು ಲೇತಿನಲ್ಲಿ ತುಸು ಕೆತ್ತಿಸಿ ಒಳಗಿನ ಒತ್ತಡ ಹೆಚ್ಚಿಸಿದೆ. ರಟ್ಟಿನಲ್ಲಿ ಅಳತೆ ಕತ್ತರಿಸಿ, ತಗಡು ಸುತ್ತಿ, ಬೆಸುಗೆ ಹಾಕಿ, ಬಸುರಿಯಂತೆ ಹೊಟ್ಟೆ ಉಬ್ಬಿದ ಹೊಸ ಸೈಲೆನ್ಸರ್ ಮಾಡಿದೆ. ಗಾಳಿ ಹೆಚ್ಚಾದ ಮೇಲೆ ಪೆಟ್ರೋಲೂ ಹೆಚ್ಚು ಬೇಕು, ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ಟು ಹಾಕಿದೆ.

ಬಿನ್ನಿಪೇಟೆಯ ಒಂದು ಖಾಲಿ ಸೈಟಿನಲ್ಲಿ ಕಟ್ಟಡದ ಮಣ್ಣು ಗುಡ್ಡೆ ಹಾಕಿದ್ದರು. ಮಹಾನವಮಿಯ ಹಿಂದಿನ ಸಂಜೆ ಅಲ್ಲಿಗೆ ಗಾಡಿ ಒಯ್ದು ಹತ್ತಿಸಿದೆ. ಗುಡ್ಡೆಯ ನೆತ್ತಿಯಲ್ಲಿ ಮುಂದಿನ ಚಕ್ರಗಳು ಗಾಳಿಗೆ ಎದ್ದವು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದು ನನ್ನ ವಂಶವನ್ನೇ ಜಾಲಾಡಿದರು. ನಾನು ಖುಷಿಗೆ ಇನ್ನೊಮ್ಮೆ ಹತ್ತಿಸಿದೆ. ಶೆಡ್ಡು ಉಳಿಯಿತು ಅಂದುಕೊಂಡೆ. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಪುಟ್ಟ ಟ್ಯಾಂಕನ್ನು ಮುಕ್ಕಾಲು ತುಂಬಿಸಿ, ಪೆಟ್ರೋಲಿನ ನಲ್ಲಿ ಮುಚ್ಚಿ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದೆ.

ಮರುದಿನ ಆಯುಧಪೂಜೆ. ಸ್ಪ್ಯಾನರ್, ಅರ, ಸುತ್ತಿಗೆ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟರೆ, ಮಾರನೇ ದಿನ ತೆಗೆಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ, ಗಾಡಿ ಸ್ಟಾರ್ಟ್ ಮಾಡುವಂತಿಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ರೂಢಿ ಇದೆ. ಅಮ್ಮ ಗುಡಿಯಿಂದ ಸಣ್ಣ ತಂಬಿಗೆಯಲ್ಲಿ ತೀರ್ಥ ತಂದು ಪ್ರತಿ ಗಾಡಿಯ ಟ್ಯಾಂಕಿಗೂ ಹಾಕುತ್ತಾಳೆ. ಮೊದಲ ವರ್ಷ ಅವಳು ಮುಚ್ಚಳ ತೆಗೆಯಲು ಹೋದಾಗ ಅಪ್ಪ, 'ಮುಚ್ಚಳದ ಮೇಲೇ ಹಾಕೇ, ದೇವರಿಗೆ ಒಳಗೆ ಹೋಗೋ ದಾರಿ ಗೊತ್ತು' ಅಂದಿದ್ದನಂತೆ. ಅಂದಿನಿಂದ ಮುಚ್ಚಳದ ಮೇಲೇ. ಆ ಸಲವೂ ಅವಳು ತಂಬಿಗೆ ಹಿಡಿದು ಬಂದಳು. ಪೂಜೆಗೆಂದು ಅಣ್ಣನೂ ಬಂದಿದ್ದ, ಕರ್ಚೀಫಿಲ್ಲದೆ. ನಾನು ಬೂದುಗುಂಬಳ ಒಡೆಯಲು ಬೀದಿಗೆ ಹೋದೆ.

ವಿಜಯದಶಮಿಯ ಬೆಳಿಗ್ಗೆ ಗಾಡಿಯನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ರೆಸಾರ್ಟಿಗೆ ಹೋದೆ. ಅಣ್ಣ ತನ್ನ ಕಾರಿನಲ್ಲಿ ಹಿಂದೆ ಬಂದ. ಏರಿನ ಬುಡದಲ್ಲಿ ರೆಸಾರ್ಟಿನ ಮಾಲೀಕರು, ಅವರ ಕೆಲಸದವರು, ರಜೆಗೆ ಬಂದ ಒಂದಿಷ್ಟು ಜನ ಫೋನು ಹಿಡಿದು ನಿಂತಿದ್ದರು. ನಲ್ಲಿ ತಿರುಗಿಸಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ, ನಾನೇ ಹತ್ತಿ ಕೂತೆ. ಗಾಡಿ ಮೊದಲ ಅರ್ಧ ಏರನ್ನು ಬೆಕ್ಕಿನ ಹಾಗೆ ಏರಿತು. ಕೆಳಗೆ ಯಾರೋ ಶಿಳ್ಳೆ ಹೊಡೆದರು. ಆಮೇಲೆ ಇಂಜಿನ್ನಿನ ದನಿ ತೆಳ್ಳಗಾಯಿತು. ಆಕ್ಸಿಲರೇಟರಿನಿಂದ ಕೈ ತೆಗೆಯುವಷ್ಟರಲ್ಲಿ ಪಿಸ್ಟನ್ನು ಬೋರಿಗೆ ಕಚ್ಚಿಕೊಂಡಿತು, ಹಿಂದಿನ ಚಕ್ರಗಳು ಬಿಗಿದವು. ಗಾಡಿ ಜಾರಿ ಮಗುಚಿ ನನ್ನ ಮೇಲೆ ಬಿತ್ತು. ನಾನೇ ಬೆಸುಗೆ ಹಾಕಿದ ಸೈಲೆನ್ಸರ್ ನನ್ನ ಮೀನಖಂಡಕ್ಕೆ ಒತ್ತಿ, ಚರ್ಮವನ್ನು ದೋಸೆಯ ಹಾಗೆ ಎಬ್ಬಿಸಿತು. ಜನ ನಕ್ಕರು. ಎತ್ತಲು ಬಂದವನೂ ಮೊದಲು ವಿಡಿಯೋ ಮುಗಿಸಿಕೊಂಡೇ ಬಂದ.

'ಬೇರೆಯವರಿಗೆ ತೋರಿಸ್ತೀನಿ ಬಿಡಿ' ಎಂದು ಮಾಲೀಕರು ಹೊರಟುಹೋದರು.

ನಾನು ಅಲ್ಲೇ ಮಣ್ಣಲ್ಲಿ ಕೂತು, ಉರಿಯುವ ಕಾಲು ಚಾಚಿಕೊಂಡು, ಕಾರ್ಬೊರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದೆ. ಅಲ್ಲಿದ್ದದ್ದು ಆಯಿಲ್ ಬೆರೆತ ಪೆಟ್ರೋಲಲ್ಲ, ಮಾಸಲು ನೀರು. ಈಗಿನ ಪೆಟ್ರೋಲಿಗೆ ಎಥನಾಲ್ ಸೇರಿಸಿರುತ್ತಾರೆ. ನೀರು ಬಿತ್ತೆಂದರೆ ಆ ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಿಸ್ಟನ್ನು ಬೋರಿಗೆ ಉಜ್ಜದಂತೆ ಕಾಯುವ ಆಯಿಲು ಮೇಲೆ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಜಿನ್ನಿಗೆ ಮೊದಲು ಹೋಗುವುದು ತಳದ್ದು. ಬಟ್ಟಲಲ್ಲಿದ್ದ ಹಳೆಯ ಪೆಟ್ರೋಲಿನಲ್ಲಿ ಗಾಡಿ ಅರ್ಧ ಏರು ಹತ್ತಿದೆ, ಆಮೇಲೆ ಒಣ ಗಂಟಲಲ್ಲಿ ಓಡಿ ಸತ್ತಿದೆ. 'ನೀರು ಸೇರಿದೆ' ಎಂದೆ. ಬೆನ್ನ ಹಿಂದೆ ನಿಂತಿದ್ದ ಅಣ್ಣ, 'ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನಡಿ, ಊಟಕ್ಕೆ ಹೊತ್ತಾಯ್ತು' ಎಂದ.

ಗವಿಪುರದ ಮನೆಯಲ್ಲಿ ಒಬ್ಬಟ್ಟಿನ ಊಟ. ಹೆಂಡತಿ ನನ್ನ ಕಾಲಿಗೆ ಮುಲಾಮು ಹಚ್ಚುತ್ತಿದ್ದಳು. ಅಣ್ಣ ಆಗಲೇ ಎಲೆಯ ಮುಂದೆ ಕೂತಿದ್ದ, ಸೋತದ್ದನ್ನು ಅಮ್ಮನಿಗೆ ಅವನೇ ಹೇಳಿ ಮುಗಿಸಿದ್ದ.

'ಅದ್ಹೇಗೋ ನಿಲ್ತು?' ಎಂದಳು ಅಮ್ಮ. 'ಈ ಸಲ ನಾನು ತೀರ್ಥ ಒಳಗೇ ಹಾಕಿದ್ನಲ್ಲೋ.'

ನಾನು ಹೆಂಡತಿಯ ಕೈಯಿಂದ ಕಾಲು ಎಳೆದುಕೊಂಡೆ. 'ಒಳಗಾ?'

'ಹೂಂ ಕಣೋ. ನಿಮ್ಮಣ್ಣನೇ ಮುಚ್ಚಳ ತೆಗೆದುಕೊಟ್ಟ. ತಮ್ಮನ ಅನ್ನದ ಪ್ರಶ್ನೆ ಇದೆ ಅಮ್ಮ, ಮೇಲ್ಮೇಲೆ ಹಾಕಿದ್ರೆ ಸಾಕಾಗಲ್ಲ, ತಂಬಿಗೆ ಪೂರ್ತಿ ಒಳಗೇ ಸುರಿ ಅಂದ. ಅವನಿಗೆ ನಿನ್ ಮೇಲೆ ಎಷ್ಟು ಪ್ರೀತಿ ನೋಡು.'

ಅಣ್ಣ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದ. ಅವನಿಗೆ ತಿಳಿಯದೆ ಆದದ್ದಲ್ಲ. ಅದೇ ಮಳೆಗಾಲದಲ್ಲಿ ಅವನ ಮಾವನವರ ಸ್ಕೂಟರಿಗೆ ನೀರು ನುಗ್ಗಿ ಕೆಟ್ಟಾಗ, ಅದರ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು, ಎರಡು ಪದರವಾಗಿ ನಿಂತದ್ದನ್ನು ನಾನೇ ಅವನ ಮೂಗಿನ ಮುಂದೆ ಹಿಡಿದು ವಿವರಿಸಿದ್ದೆ. ಆಗ ಅವನು ಎಂದಿಲ್ಲದ ಶ್ರದ್ಧೆಯಿಂದ ಕೇಳಿಸಿಕೊಂಡಿದ್ದ. ಇವನು ನನ್ನ ಒಡಹುಟ್ಟಿದವನು ಎಂದು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಹೇಳು, ಧೈರ್ಯವಿದ್ದರೆ ಹೇಳು ಎನ್ನುವ ನೋಟ. ನಾನು ಬಾಯಿ ತೆರೆದರೆ, ಚಿಕ್ಕ ಮಗನ ಒಲೆಗೆ ನೀರು ಸುರಿದದ್ದು ತನ್ನ ಕೈಯೇ ಎಂದು ಅಮ್ಮನಿಗೆ ಗೊತ್ತಾಗಬೇಕು, ಅದೂ ದೇವರ ನೀರು. ಅವಳು ಅದನ್ನು ನಂಬಿದರೆ ಸಾಯುವವರೆಗೆ ಕೊರಗುತ್ತಾಳೆ. ನಂಬದಿದ್ದರೆ, ತೀರ್ಥದ ಮೇಲೂ ಅಣ್ಣನ ಮೇಲೂ ತಪ್ಪು ಹೊರಿಸಿದ ಪಾಪಿ ನಾನು. ಎರಡು ಕಡೆಯಿಂದಲೂ ಬಾಗಿಲು ಹಾಕಿಯೇ ಅವನು ಊಟಕ್ಕೆ ಕೂತಿದ್ದ. ನಾನು ಸುಮ್ಮನಾದೆ.

ಅಮ್ಮ ಸುಮ್ಮನಾಗಲಿಲ್ಲ. 'ದೇವರ ತೀರ್ಥ ಒಳಗ್ ಹೋದ್ರೂ ಕೆಟ್ಟು ನಿಲ್ತು ಅಂದ್ರೆ, ನಿನ್ ಕೆಲಸ ಎಷ್ಟು ಕೆಟ್ಟದಾಗಿರ್ಬೇಕು ಯೋಚನೆ ಮಾಡು. ನಿಮ್ಮಪ್ಪನ ಕೈಗುಣ ನಿನಗೆ ಬರಲೇ ಇಲ್ಲ. ಸಾಕು, ಆ ಕೀ ಕೊಟ್ಬಿಡು.'

ಜೇಬಿನಿಂದ ಕೀ ತೆಗೆದು ಅಣ್ಣನ ಎಲೆಯ ಪಕ್ಕದಲ್ಲಿ ಇಟ್ಟೆ. ಅವನು ಎಡಗೈಯಿಂದ ಅದನ್ನು ಹತ್ತಿರಕ್ಕೆ ಎಳೆದುಕೊಂಡ.

'ಬೈಬೇಡಮ್ಮ ಅವನನ್ನ' ಎಂದ. 'ಪಾಪ, ಅವನೇನು ಬೇಕಂತ ಮಾಡಿದ್ನಾ?'

ಅಮ್ಮನ ಕಣ್ಣು ಒದ್ದೆಯಾಯಿತು. 'ನೋಡೋ, ನೋಡಿ ಕಲಿ' ಎಂದು ನನಗೆ ಹೇಳಿ, ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಿದಳು.