ಗಡಿಯಾರದವನೂ ತಡವಾಗಿ ಬರುವವನೂ

ಈಚೆಗೆ ನಮ್ಮ ಬಟ್ಟೆಗಳಲ್ಲಿ ಗುಂಡಿಗಳು ಕಡಿಮೆಯಾಗುತ್ತಿರುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಅಮೆರಿಕದ ವರ್ಜೀನಿಯಾದ ರೆಸ್ಟನ್ನಿನ ನಮ್ಮ ಮನೆಯ ಡ್ರೈಯರಿನಿಂದ ಬೆಚ್ಚಗೆ ಹೊರಬೀಳುವ ರಾಶಿಯನ್ನು ಮಡಚುತ್ತ ಕೂತಾಗ ನನಗಂತೂ ದಿನವೂ ಎದ್ದು ಕಾಣುತ್ತದೆ. ಎಲ್ಲವೂ ತಲೆಯ ಮೇಲಿಂದ ಎಳೆದುಕೊಳ್ಳುವ ಅಂಗಿಗಳು, ಸೊಂಟಕ್ಕೆ ಎಲಾಸ್ಟಿಕ್ಕಿನ ಪ್ಯಾಂಟುಗಳು. ಮನೆಯಿಂದಲೇ ಆಫೀಸು ನಡೆಸುವುದನ್ನು ಕಲಿತ ಮೇಲೆ ನನ್ನ ಯಜಮಾನರು ಗುಂಡಿಯೆಂಬ ವಸ್ತುವಿನ ಸಂಬಂಧವನ್ನೇ ಕಡಿದುಕೊಂಡಿದ್ದಾರೆ. ಆದರೆ ಅದೇ ಹೊತ್ತಿನಲ್ಲಿ ನನ್ನ ಕಿವಿಯೊಳಗೆ ಬೇರೆಯೇ ಲೋಕವೊಂದು ನಡೆಯುತ್ತಿರುತ್ತದೆ. ಅಲ್ಲಿ ಕೋಟಿಗೆ ಗುಂಡಿ, ಕೋಟಿನೊಳಗಿನ ವೇಸ್ಟ್‌ಕೋಟಿಗೆ ಗುಂಡಿ, ಕೈಗವಸಿಗೂ ಗುಂಡಿ. ಒಂದೊಂದನ್ನು ಬಿಚ್ಚುವುದಕ್ಕೂ ಲೇಖಕರು ಒಂದೊಂದು ಪುಟ ತೆಗೆದುಕೊಳ್ಳುತ್ತಾರೆ. ಲೈಬ್ರರಿಯ ಆ್ಯಪಿನಲ್ಲಿ ಪುಕ್ಕಟೆಯಾಗಿ ಸಿಗುವ ಆಡಿಯೋ ಕಾದಂಬರಿಗಳಲ್ಲಿ ನನಗೆ ರುಚಿ ಹತ್ತಿರುವುದು ಒಂದೇ ಬಗೆಯದು: ನೂರಿನ್ನೂರು ವರ್ಷಗಳ ಹಿಂದಿನ ಕಾಲ, ಪರಸ್ಪರ ಪ್ರೀತಿಸುವ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು, ಅವರ ನಡುವೆ ಎಣ್ಣೆ ಸೀಗೇಕಾಯಿಯ ಸಂಬಂಧ, ಕೊನೆಯಲ್ಲಿ ತಪ್ಪದ ಸುಖಾಂತ.

ನಿತ್ಯ ದೇವರಿಗೆ ದೀಪ ಹಚ್ಚುವ, ಚಪಾತಿ ಹಿಟ್ಟು ಕಲಸುವ ಹೆಂಗಸಿಗೆ ಇದೇನು ಹುಚ್ಚು ಎಂದು ನೀವು ಹುಬ್ಬೇರಿಸಿದರೆ ನಾನು ಕಾನ್ವೆಂಟನ್ನು ದೂರಬೇಕಾಗುತ್ತದೆ. ಅಲ್ಲಿ ನಾವು ಪ್ರೇಮಕಥೆಗಳಿಗೆ ಕಂದು ಕಾಗದದ ರಟ್ಟು ಹಾಕಿ, ಮೇಲೆ ‘ಜಿಯಾಗ್ರಫಿ’ ಎಂಬ ಲೇಬಲ್ಲು ಅಂಟಿಸಿ ಓದುತ್ತಿದ್ದೆವು. ಅವುಗಳಲ್ಲಿ ನಾಯಕ ಸದಾ ಎತ್ತರ. ನಾಯಕಿ ಸದಾ ಎಡವುವವಳು, ಅವನು ಹಿಡಿದುಕೊಳ್ಳುವವನು. ಇಬ್ಬರಲ್ಲಿ ಯಾರು ಬಗ್ಗಬೇಕೆಂಬುದು ಮೊದಲ ಪುಟಕ್ಕೂ ಮುಂಚೆಯೇ ತೀರ್ಮಾನವಾಗಿರುತ್ತಿತ್ತು. ಅದನ್ನೇ ಪ್ರಕೃತಿನಿಯಮವೆಂದು ನಂಬಿ ನಾನೂ ಮದುವೆಯಾದೆ; ಯಜಮಾನರು ನನಗಿಂತ ಎರಡಿಂಚು ಕುಳ್ಳಗಿರುವುದರಿಂದ ಎಡವುವ ಸಾಹಸವೊಂದನ್ನು ಮಾತ್ರ ಮಾಡಲಿಲ್ಲ.

ಈ ಹೊಸ ಕಾದಂಬರಿಗಳಲ್ಲಿ ಆ ತೀರ್ಮಾನ ಇಲ್ಲ. ಶಿಸ್ತಿನವನು ಶಿಸ್ತುಗೇಡಿಗೆ ಸೋಲುವನೋ, ಶಿಸ್ತುಗೇಡಿಯೇ ಒಂದು ದಿನ ತಲೆ ಬಾಚಿಕೊಂಡು ಬರುವನೋ ಯಾರೂ ಮೊದಲೇ ಹೇಳಿಟ್ಟಿಲ್ಲ. ಹಿರಿಯರು ಹಾಕಿಕೊಟ್ಟ ದಾರಿಯಿಲ್ಲದ್ದರಿಂದ ಪ್ರತಿಯೊಂದನ್ನೂ ಅವರಿಬ್ಬರೇ ಕೂತು ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಹೊರಗೆ ಪೊಲೀಸರ ಭಯ, ಊರಿನ ಭಯ. ಚರಿತ್ರೆ ಅಂಥವರಲ್ಲಿ ಎಷ್ಟೋ ಜನಕ್ಕೆ ನಿರಾಕರಿಸಿದ ಸುಖವನ್ನು ಕಾದಂಬರಿಕಾರರು ಕೊನೆಯ ಅಧ್ಯಾಯದಲ್ಲಿ ಕೈಯಾರೆ ಬಡಿಸುವಾಗ, ಒಗೆದ ಟವೆಲ್ಲನ್ನು ಎದೆಗವಚಿಕೊಂಡು ನಾನು ನಿಟ್ಟುಸಿರು ಬಿಡುತ್ತೇನೆ. ಅದು ಬಿಡುಗಡೆಯ ನಿಟ್ಟುಸಿರು.

ಕಥೆಯಲ್ಲಿ ಬಿಡುವ ನಿಟ್ಟುಸಿರು ಸುಲಭ. ಕಳೆದ ವಸಂತದಲ್ಲಿ ನನಗೊಂದು ಕಷ್ಟದ ಕೆಲಸ ಒಪ್ಪಿಸಲಾಯಿತು. ಜಾರ್ಜಿಯಾದ ಜಾನ್ಸ್ ಕ್ರೀಕಿನಲ್ಲಿರುವ ನನ್ನ ಗಂಡನ ಅಕ್ಕ ಸುಧಾ ಅವರ ಮಗ ನಿಖಿಲ್ ಮನೆ ಕೊಂಡಿದ್ದ, ಗೃಹಪ್ರವೇಶವಿತ್ತು. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆಯವರನ್ನು ನಾವು ಕಾರಿನಲ್ಲಿ ಕರೆದೊಯ್ಯಬೇಕಿತ್ತು. ಮನೆ ಕೊಂಡವರು ಇಬ್ಬರು, ಎರಡನೆಯವನ ಹೆಸರು ವೆಸ್ಲಿ, ಅವರಿಬ್ಬರೂ ಬಾಳಸಂಗಾತಿಗಳು ಎಂಬುದು ಅತ್ತೆಯವರಿಗೊಬ್ಬರಿಗೇ ತಿಳಿದಿರಲಿಲ್ಲ. ‘ರೂಮ್‌ಮೇಟ್’ ಎಂದು ತೇಲಿಸಿಬಿಡೋಣವೆಂದು ಸುಧಾ ಅಂದದ್ದಕ್ಕೆ ನಿಖಿಲ್, “ಅಜ್ಜಿಗೆ ನಾನು ಲೈ ಮಾಡಲ್ಲ. ಅಜ್ಜಿ ಓಕೆ ಇಲ್ಲ ಅಂದ್ರೆ ನೋ ಪೂಜಾ,” ಎಂದು ಬಾಗಿಲು ಹಾಕಿಕೊಂಡನಂತೆ. ಸುಧಾ ನನಗೆ ಫೋನ್ ಮಾಡಿದರು.

“ನೀನೇ ಹೇಳಿಬಿಡೇ ದಾರೀಲಿ. ನನ್ನ ಬಾಯಿಂದ ಬರ್ತಾ ಇಲ್ಲ. ನೀನಾದ್ರೆ ಅದೇನೇನೋ ಓದ್ತಿರ್ತೀಯ.”

ಓದಿನಿಂದ ನನಗೆ ಸಿಕ್ಕ ಏಕೈಕ ಅಧಿಕಾರ ಇದು. ಹತ್ತು ಗಂಟೆಯ ಹಾದಿಯಲ್ಲಿ ಎಲ್ಲಿಯಾದರೂ ಹೇಳಿದರಾಯಿತೆಂದು ರಿಚ್‌ಮಂಡ್ ದಾಟಿಸಿದೆ, ವರ್ಜೀನಿಯಾ ಮುಗಿಸಿದೆ. ಯಜಮಾನರು ಕನ್ನಡಿಯಲ್ಲಿ ನನ್ನತ್ತ ಹುಬ್ಬು ಹಾರಿಸುತ್ತಿದ್ದರು. ನಾನು ಪೈನ್ ಮರಗಳನ್ನು ನೋಡುತ್ತಿದ್ದೆ. ನಾರ್ತ್ ಕ್ಯಾರೊಲಿನಾದ ರೆಸ್ಟ್ ಏರಿಯಾ ಒಂದರಲ್ಲಿ ಪುಳಿಯೋಗರೆ ತಿಂದು ಕೈತೊಳೆದು ಬಂದು ಕೂತೆವು. ಯಜಮಾನರು ಕಾರು ಶುರುಮಾಡಿದ್ದೇ ತಡ, ನನ್ನ ಫೋನು ಯಾರ ಅಪ್ಪಣೆಗೂ ಕಾಯದೆ ಕಾರಿನ ಸ್ಪೀಕರಿನೊಂದಿಗೆ ಸಖ್ಯ ಬೆಳೆಸಿ, ಹಿಂದಿನ ದಿನ ನಿಲ್ಲಿಸಿದ್ದ ಕಾದಂಬರಿಯನ್ನು ಗಂಭೀರವಾದ ಬ್ರಿಟಿಷ್ ಕಂಠದಲ್ಲಿ ಮುಂದುವರಿಸಿತು. ನಾನು ಫೋನಿಗಾಗಿ ಬ್ಯಾಗು ತಡಕಿದೆ. ಅದು ಪುಳಿಯೋಗರೆ ಡಬ್ಬಿಯ ಅಡಿಯಲ್ಲಿತ್ತು.

“ಇರಲಿ ಬಿಡಮ್ಮ, ಕಥೆ ಇದ್ದಹಾಗಿದೆ,” ಎಂದರು ಅತ್ತೆ. “ಅವನ ಇಂಗ್ಲಿಷು ನನಗೆ ಪೂರಾ ಹತ್ತಲ್ಲ. ಏನಂತೆ?”

“ಒಬ್ಬ ಗಡಿಯಾರ ರಿಪೇರಿ ಮಾಡೋನು, ಅತ್ತೆ. ಬಹಳ ಶಿಸ್ತು. ಇನ್ನೊಬ್ಬ ಜಮೀನ್ದಾರರ ಮನೆ ಹುಡುಗ. ಯಾವತ್ತೂ ಹೇಳಿದ ಹೊತ್ತಿಗೆ ಬರಲ್ಲ.”

“ಜಗಳವೇನೋ?”

“ಜಗಳವೂ ಇದೆ. ಪ್ರೀತಿನೂ ಇದೆ. ಇಬ್ಬರೂ ಒಬ್ಬರನ್ನೊಬ್ಬರು... ಮದುವೆ ಆಗೋವಷ್ಟು.”

“ಇಬ್ಬರೂ ಗಂಡಸರೇ ಅಲ್ಲವೇನೇ?”

“ಹೌದು ಅತ್ತೆ.”

“ಹೂಂ. ಈಗ ಎಲ್ಲಿದ್ದಾರೆ?”

“ಇವನು ಗೇಟಿನ ಹತ್ರ ಕಾಯ್ತಿದ್ದಾನೆ. ಅವನು ಇನ್ನೂ ಬಂದಿಲ್ಲ.”

“ನಿಮ್ಮ ಮಾವನೂ ಹೀಗೇ. ಛತ್ರಿ ಹಿಡ್ಕೊಂಡು ಗೇಟಲ್ಲಿ ನಿಂತಿರೋರು. ನಾನು ಸೆರಗು ಸರಿಮಾಡಿಕೊಂಡು ಬರೋಷ್ಟರಲ್ಲಿ ಬಸ್ಸು ಹೋಗಿರೋದು. ಒಂದು ದಿನಕ್ಕೂ ಬಿಟ್ಟು ಹತ್ತಲಿಲ್ಲ ಪುಣ್ಯಾತ್ಮ.” ಮತ್ತೆ ಸ್ಪೀಕರಿನತ್ತ ಗದ್ದ ತೋರಿಸಿ, “ಇವನಿಗೆ ಬಿಗುಮಾನ ಜಾಸ್ತಿ. ಒಳಗೇ ಇಟ್ಕೊಂಡು ಸಾಯ್ತಾನೆ. ಬಾಯಿಬಿಟ್ಟು ಹೇಳಬಾರದಾ?”

ಬಾಯಿಬಿಟ್ಟು ಹೇಳಬಾರದೇ ಎಂದು ಅತ್ತೆಯವರೇ ಕೇಳಿದ ಮೇಲೆ ನನಗಿನ್ನು ನೆಪ ಉಳಿದಿರಲಿಲ್ಲ. ಗಡಿಯಾರದವನನ್ನು ಗೇಟಿನಲ್ಲೇ ನಿಲ್ಲಿಸಿ, ನಿಖಿಲನ ವಿಷಯ ಹೇಳಿದೆ. ಕಥೆ ಹೇಳುವವಳ ಜಾಣತನವೆಲ್ಲ ಕೈಕೊಟ್ಟು, ಹೋಮ್‌ವರ್ಕ್ ಒಪ್ಪಿಸುವ ಹುಡುಗಿಯ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಪೂಜೆ ನಡೆಯುವುದೂ ಬಿಡುವುದೂ ನಿಮ್ಮ ಮೇಲೆ ನಿಂತಿದೆ ಎಂಬುದನ್ನೂ ಸೇರಿಸಿದೆ.

ಬೆಳಗಿನಿಂದ ಪ್ರತಿ ಲಾರಿಗೂ ಪ್ರತಿ ಚರ್ಚಿಗೂ ಒಂದೊಂದು ಟಿಪ್ಪಣಿ ಕೊಡುತ್ತ ಬಂದ ಅತ್ತೆ ಶಾರ್ಲಟ್ಟಿನ ಎತ್ತರದ ಕಟ್ಟಡಗಳಿಗೂ ಏನೂ ಅನ್ನಲಿಲ್ಲ. ಸೌತ್ ಕ್ಯಾರೊಲಿನಾದಲ್ಲಿ ಹೆದ್ದಾರಿಯ ಪಕ್ಕ ಪೀಚ್ ಹಣ್ಣಿನ ಆಕಾರದ ದೈತ್ಯ ನೀರಿನ ಟ್ಯಾಂಕು ಬಂತು. ಅದನ್ನು ಕಂಡು ನಗದವರನ್ನು ನಾನು ನೋಡಿಲ್ಲ. ಅವರು ಅದು ಹಿಂದೆ ಸರಿಯುವ ತನಕ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ವೇಗಮಿತಿಯ ಬಗ್ಗೆ ಸದಾ ಉದಾರವಾಗಿರುವ ಯಜಮಾನರು ಅಷ್ಟು ದೂರ ಶಾಸ್ತ್ರೋಕ್ತವಾಗಿ ಓಡಿಸಿದರು.

ಜಾರ್ಜಿಯಾದ ಗಡಿಯ ಸರೋವರ ದಾಟಿದ ಮೇಲೆ ಅತ್ತೆ ಕೇಳಿದರು: “ಹಾಲು ಉಕ್ಕಿಸೋದು ಯಾರು?”

ನಮ್ಮಲ್ಲಿ ಹೊಸ ಮನೆಯ ಒಲೆಯ ಮೇಲೆ ಮೊದಲು ಹಾಲಿಟ್ಟು ಉಕ್ಕಿಸುವವಳು ಮನೆಯೊಡತಿ. ನಾನು ಅಷ್ಟೊಂದು ಕಾದಂಬರಿಗಳನ್ನು ಕೇಳಿ, ಯಾರು ಏನು ಮಾಡಬೇಕೆಂಬುದನ್ನು ಇಬ್ಬರೇ ಕೂತು ಗೊತ್ತುಮಾಡಿಕೊಳ್ಳುವುದರಲ್ಲೇ ಸೊಗಸಿದೆ ಎಂದು ತಲೆದೂಗಿದವಳು. ನನ್ನ ತಲೆಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

“ಯೋಚನೆ ಮಾಡಿಲ್ಲ ಅತ್ತೆ.”

“ಮಾಡಬೇಡವಾ? ನಿಖಿಲನ ಕೈಗೆ ಕೊಟ್ಟರೆ ಮಾತಾಡ್ತಾ ನಿಂತು ಪಾತ್ರೆ ಸೀಸ್ತಾನೆ. ಆ ಇನ್ನೊಬ್ಬ ಹುಡುಗ ಹೇಗೆ?”

“ಮಾತು ಕಮ್ಮಿ. ಔಷಧಿ ಅಂಗಡೀಲಿ ಫಾರ್ಮಸಿಸ್ಟು. ಎಲ್ಲಾ ಅಳೆದು ತೂಗಿ ಮಾಡೋನು.”

“ಹಾಗಾದ್ರೆ ಅವನೇ ಇಡಲಿ.” ಆಮೇಲೆ ಕಿಟಕಿಯತ್ತ ತಿರುಗಿ, “ನನಗೆ ಇದೆಲ್ಲ ಅರ್ಥ ಆಗಿಹೋಯ್ತು ಅಂದ್ಕೋಬೇಡ. ಅರ್ಥ ಆದಾಗ ಆಗಲಿ. ಮನೆ ಅಂದಮೇಲೆ ಹಾಲು ಉಕ್ಕಬೇಕು.”

ಮುಂದಿನ ಸೀಟಿನಲ್ಲಿ ಯಜಮಾನರ ಹೆಗಲು ಇಳಿದದ್ದು ನನಗೆ ಹಿಂದಿನಿಂದಲೇ ಕಂಡಿತು. ಸುಧಾಗೆ ಮೆಸೇಜು ಹಾಕಿದೆ. ಕಣ್ಣೀರಿನ ಚಿತ್ರಗಳು ಸಾಲಾಗಿ ಬಂದವು.

ಮರುದಿನ ಬೆಳಿಗ್ಗೆ ವೆಸ್ಲಿ, ನಿಖಿಲ್ ಕೊಟ್ಟ ಪಂಚೆಯನ್ನು ಬೆಲ್ಟಿನಿಂದ ಬಿಗಿದುಕೊಂಡು ಒಲೆಯ ಮುಂದೆ ನಿಂತ. “ಹಾಲು ನೋಡ್ಕೋ” ಎಂದಷ್ಟೇ ನಿಖಿಲ್ ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ಪುರೋಹಿತರಿಗೆ ಮನೆಯ ಇನ್‌ಸ್ಪೆಕ್ಷನ್ನಿನ ಕಥೆ ಹೇಳಲು ಹೋಗಿದ್ದ. ವೆಸ್ಲಿ ನೋಡಿಕೊಂಡ. ನೊರೆ ಅಂಚಿಗೆ ಏರುತ್ತಿದ್ದಂತೆ ಉರಿ ತಗ್ಗಿಸಿದ. ಇಳಿದ ಮೇಲೆ ಮತ್ತೆ ಹೆಚ್ಚಿಸಿದ. ಏರಿತು, ತಗ್ಗಿಸಿದ. ಪುರೋಹಿತರು ಮಂತ್ರವನ್ನು ಎಳೆದೆಳೆದು ಹೇಳತೊಡಗಿದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗತ್ತಿನಲ್ಲಿ ಹಾಲು ನೋಡಿಕೋ ಎಂದರೆ ಚೆಲ್ಲದಂತೆ ನೋಡಿಕೋ ಎಂದೇ ಅರ್ಥವಲ್ಲವೇ? ಈ ಒಂದು ದಿನ ಮಾತ್ರ ಚೆಲ್ಲಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಮಣೆಯಿಂದ ಎದ್ದರು. ನಿಧಾನವಾಗಿ ಅಡುಗೆಮನೆಗೆ ಹೋಗಿ, ಅವನ ಮೊಣಕೈ ಮಟ್ಟಕ್ಕೆ ನಿಂತು, ಒಲೆಯ ನಾಬಿನ ಮೇಲಿದ್ದ ಅವನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು.

“ಬಿಡಪ್ಪಾ. ಉಕ್ಕಲಿ.”

ಅವನು ನಿಖಿಲನತ್ತ ನೋಡಿದ. ನಿಖಿಲನ ಇನ್‌ಸ್ಪೆಕ್ಷನ್ ಕಥೆ ಅಲ್ಲಿಗೇ ನಿಂತಿತ್ತು. “ಅಜ್ಜಿ ಸೇಸ್ ಲೆಟ್ ಇಟ್ ಗೋ,” ಎಂದ.

ಹಾಲು ಎದ್ದಿತು, ಅಂಚಿನಲ್ಲಿ ಒಂದು ಕ್ಷಣ ನಿಂತಿತು, ನಾಲ್ಕು ಕಡೆಗೂ ಇಳಿಯಿತು. ಹಿಂದಿನ ಸಂಜೆ ತಾನೇ ಉಜ್ಜಿ ಹೊಳೆಯಿಸಿದ್ದ ಒಲೆಯ ಮೇಲೆ ಅದು ಹರಿಯುವುದನ್ನು ಕಂಡು ವೆಸ್ಲಿಯ ಕೈ ತಾನಾಗಿ ಪೇಪರ್ ಟವೆಲ್ಲಿಗೆ ಹೋಯಿತು. ಅತ್ತೆ ಅವನ ಮಣಿಕಟ್ಟನ್ನು ಹಿಡಿದುಕೊಂಡರು, ಬಿಡಲಿಲ್ಲ.

“ಒರೆಸೋದು ಆಮೇಲೆ,” ಎಂದರು, ಅವನಿಗೆ ಕನ್ನಡ ಬರುವುದೆಂಬಂತೆ. “ಸಕ್ಕರೆ ಎಲ್ಲಿಟ್ಟಿದ್ದೀಯ, ತೋರಿಸು.”