ಡ್ರೈವರ್ ಮಂಚ

ಜಮಖಂಡಿಯ ಆ ಲಾಡ್ಜಿನ ಮ್ಯಾನೇಜರು ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ನೋಡಿದ. ಗಂಡಸರು ಯಾರಾದರೂ ಬ್ಯಾಗ್ ಹಿಡಿದು ಬರುತ್ತಾರೇನೋ ಎಂದು ಕಾದ. ಯಾರೂ ಬರಲಿಲ್ಲ. ಆಗ, ರೂಮ್ ಖಾಲಿ ಇಲ್ಲ ಅಂದ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಕೀಲಿಗಳು ಸಾಲಾಗಿ ನೇತಾಡುತ್ತಿದ್ದವು.

ಮುಧೋಳದಲ್ಲೂ ಇದೇ ಉತ್ತರ ಕೇಳಿಕೊಂಡು ಬಂದಿದ್ದೆ. ಧಾರವಾಡದ ಮನೆಯಲ್ಲೇ ಸೀರೆ ಮಾರುವ ನಾನು ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಬರುವುದು ಹೊಸದಲ್ಲ. ಆದರೆ ಯಾವಾಗಲೂ ಗಂಡನ ಜೊತೆ. ಕಾರು ಓಡಿಸುವುದು ಅವರು, ರೂಮ್ ಕೇಳುವುದು ಅವರು, ಸೀರೆ ಆರಿಸುವುದಷ್ಟೇ ನಾನು. ಈ ಸಲ ಅವರ ಮೊಣಕಾಲು ಕೈಕೊಟ್ಟಿತು. ಎಲ್ಲ ಮನೆಗಳನ್ನೂ ಒಂದೇ ದಿನದಲ್ಲಿ ಸುತ್ತಿ ಮುಗಿಸಲಾಗದು, ಉಳಿಯಲೇಬೇಕು. ಒಬ್ಬ ಹೆಂಗಸಿಗೆ ಯಾರು ರೂಮ್ ಕೊಡುತ್ತಾರೆ ಎಂದು ಅತ್ತೆ ಹೊರಡುವಾಗಲೇ ಅಂದಿದ್ದರು. ರೂಮ್ ಸಿಗದೆ ವಾಪಸ್ ಹೋದರೆ ಇನ್ನೊಮ್ಮೆ ಒಬ್ಬಳೇ ಹೊರಡುವ ಮಾತೇ ಎತ್ತುವಂತಿರಲಿಲ್ಲ.

ಕೀಲಿಗಳ ಕಡೆ ಬೆರಳು ತೋರಿಸಿದೆ. ಎಲ್ಲ ಬುಕ್ ಆಗಿವೆ ಅಂದ. ಆಮೇಲೆ ಸ್ವಲ್ಪ ಮೆತ್ತಗಾಗಿ, ನಿಮ್ಮ ಯಜಮಾನರ ಕಡೆಯಿಂದ ಒಂದು ಫೋನ್ ಮಾಡಿಸಿದರೆ ನೋಡೋಣ ಅಂದ. ಆಧಾರ್ ಇದೆ, ಲೈಸೆನ್ಸ್ ಇದೆ, ತಲೆಯಲ್ಲಿ ಅರ್ಧ ಬಿಳಿಕೂದಲೂ ಇದೆ, ಇನ್ನೇನು ಬೇಕು ಎಂದು ಕೇಳಿದೆ. ಅವನು ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಗಂಡನ ಫೋನೇ ಬಂತು. ವಿಷಯ ಕೇಳಿ, ಫೋನ್ ಅವನ ಕೈಗೆ ಕೊಡು, ಒಂದು ಮಾತು ಹೇಳುತ್ತೇನೆ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೂ ಸಾಕಾಗಿತ್ತು, ಕೊಡಲೆಂದು ಕೈ ಅರ್ಧ ಚಾಚಿದವಳು ಫೋನ್ ಮತ್ತೆ ಕಿವಿಗಿಟ್ಟುಕೊಂಡೆ.

“ಬ್ಯಾಡ್ರಿ,” ಅಂದೆ. “ನೀವು ಕೇಳಿದ್ರ ರೂಮ್ ನಿಮಗ ಕೊಟ್ಟಂಗ ಆಕೈತಿ.”

ಫೋನಿಟ್ಟಾಗ ಮೆಟ್ಟಿಲ ಕೆಳಗಿನ ಕಬ್ಬಿಣದ ಮಂಚಗಳು ಕಣ್ಣಿಗೆ ಬಿದ್ದವು. ಇಂಥ ಲಾಡ್ಜುಗಳಲ್ಲಿ ಕಾರಿನಲ್ಲಿ ಬಂದವರು ಮೇಲಿನ ರೂಮಿನಲ್ಲಿ ಮಲಗಿದರೆ, ಅವರ ಡ್ರೈವರಿಗೆ ಕೆಳಗೊಂದು ಮಂಚ ಪುಕ್ಕಟೆ. ನಮ್ಮ ಡ್ರೈವರಿಗೆ ಜಾಗ ಇದೆಯೇ ಎಂದು ಕೇಳಿದೆ. ಕೊನೆಗೂ ಒಬ್ಬ ಗಂಡಸು ಸಿಕ್ಕನೆಂದು ಅವನ ಮುಖ ಅರಳಿತು. ಡ್ರೈವರಿಗೆ ಯಾವತ್ತೂ ಇಲ್ಲ ಅನ್ನುವುದಿಲ್ಲ, ಎಲ್ಲಿದ್ದಾರೆ ಅಂದ.

ಲೈಸೆನ್ಸು ಮತ್ತು ಕಾರಿನ ಕೀಲಿ ಅವನ ಮುಂದಿಟ್ಟೆ. “ನಾನ ಡ್ರೈವರ್.”

ಹೋಗಿ ಒಂದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಪಕ್ಕದ ಮಂಚದಲ್ಲಿ ಬನಿಯನ್ನಿನಲ್ಲಿ ಮಲಗಿದ್ದ ಡ್ರೈವರೊಬ್ಬ ಗಡಬಡಿಸಿ ಎದ್ದು, ಅಂಗಿ ತೊಟ್ಟು ಹೊರಗೆ ಹೋಗಿ ನಿಂತ. ಎದುರಿನ ಚಹಾದಂಗಡಿಯವರೆಲ್ಲ ಬಗ್ಗಿ ಬಗ್ಗಿ ನೋಡತೊಡಗಿದರು. ಒಳಗೊಳಗೆ ನನಗೂ ಹೆದರಿಕೆಯೇ. ಮ್ಯಾನೇಜರು ಸುಮ್ಮನಿದ್ದುಬಿಟ್ಟರೆ ಅಲ್ಲೇ ಮಲಗಬೇಕಿತ್ತು. ಮಲಗುತ್ತಿದ್ದೆ ಕೂಡ.

ಬೀದಿದೀಪ ಹತ್ತುವ ಹೊತ್ತಿಗೆ ಅವನೇ ಕೀಲಿ ಹಿಡಿದು ಬಂದ.

“ಏಳ್ರೀ ಅಕ್ಕಾರ, ಮಂದಿ ನೋಡಾಕತ್ತಾರ. ಮ್ಯಾಲ ಒಂದ್ ರೂಮ್ ಐತಿ.”

ಯಾರ ಹೆಸರಿಗೆ ಎಂದು ಕೇಳಿದೆ. ನಿಮ್ಮ ಹೆಸರಿಗೇ ಅಂದ. ಆಮೇಲೆಯೇ ಎದ್ದೆ.

ರೂಮಿನ ಫ್ಯಾನು ಕಿರ್ರೆನ್ನುತ್ತಿತ್ತು, ಗೋಡೆಯ ಮೂಲೆಯಲ್ಲಿ ಗುಟ್ಕಾ ಕಲೆ, ನಲ್ಲಿಯಲ್ಲಿ ಬಿಸಿನೀರಿಲ್ಲ. ಗಂಡನ ಜೊತೆ ಬಂದಿದ್ದರೆ ಬೇರೆ ರೂಮ್ ಕೇಳಿ ಎಂದು ಅವರ ಜೀವ ತಿನ್ನುತ್ತಿದ್ದೆ. ಒಳಗಿನಿಂದ ಚಿಲಕ ಹಾಕಿಕೊಂಡೆ. ಮತ್ತೆ ಅವರ ಫೋನ್ ಬಂತು, ರೂಮ್ ಹೇಗಿದೆ ಎಂದು ಕೇಳಿದರು.

“ನನ್ನ ರೂಮ್ ಭಾಳ ಛಲೋ ಐತ್ರಿ,” ಅಂದೆ.